ಅಪ್ಪಾರಾವುಗಾರ ಪೆನ್ನು ಮುಟ್ಟದ ಹಾಳೆ

ಕಳೆದ ತಿಂಗಳು ವಿಶಾಖಪಟ್ಟಣಕ್ಕೆ ಒಂದು ಮದುವೆಗೆ ಹೋಗಿದ್ದೆವು. ಯಜಮಾನರ ಬ್ಯಾಂಕಿನ ಹಳೆಯ ಗೆಳೆಯರ ಮಗಳ ಮದುವೆ, ಮಧುರವಾಡದ ಒಂದು ದೊಡ್ಡ ಹಾಲ್‌ನಲ್ಲಿ. ನಾವು ಆ ಊರಲ್ಲಿದ್ದಾಗ ಮಧುರವಾಡ ಅಂದರೆ ಊರಾಚೆ ಎಂದು ಲೆಕ್ಕ, ಯಾರೂ ಕೆಲಸವಿಲ್ಲದೆ ಅತ್ತ ಹೋಗುತ್ತಿರಲಿಲ್ಲ. ಈಗ ಕತ್ತು ಎತ್ತಿ ನೋಡಬೇಕಾದ ಅಪಾರ್ಟ್‌ಮೆಂಟುಗಳು. ಒಂದು ರಸ್ತೆಯೂ ಗುರುತು ಸಿಗಲಿಲ್ಲ. ನನಗೆ ಸಿಟ್ಟೇ ಬಂತು. ಐದು ವರ್ಷ ಸಂಸಾರ ಮಾಡಿದ ಊರು, ಒಂದು ಮೂಲೆಯಾದರೂ ನನ್ನನ್ನು ನೋಡಿ ‘ಬಂದೆಯಾ’ ಅನ್ನಬಾರದೆ?

ಮಾರನೆಯ ದಿನ ಬೆಳಿಗ್ಗೆ ಮೀನು ಬಂದರಿನ ರಸ್ತೆಯಲ್ಲಿ ನಮ್ಮ ಆಟೋ ನಿಂತುಬಿಟ್ಟಿತು. ಮುಂದೆ ಐಸ್ ತುಂಬಿದ ಲಾರಿ ಅಡ್ಡ ತಿರುಗುತ್ತಿತ್ತು. ಐಸ್ ಫ್ಯಾಕ್ಟರಿಯ ಕಡೆಯಿಂದ ಒಂದು ಘಾಟು ಬಂದು ಮೂಗಿಗೆ ಬಡಿಯಿತು. ಅಮೋನಿಯ. ಯಜಮಾನರು ಕರವಸ್ತ್ರ ಮೂಗಿಗೊತ್ತಿಕೊಂಡು, “ಶಿವನ, ಏನ್ ನಾತ ಇದು!” ಅಂದರು. ನಾನು ಮಾತ್ರ ಎದೆ ತುಂಬ ಎಳೆದುಕೊಂಡೆ.

“ನಿನಗೇನಾಗೇದ? ಯಾರರ ನೋಡಿದ್ರ ಏನ್ ಅಂದಾರು?”

“ನಮ್ಮ ಆಫೀಸಿನ ವಾಸನೀರಿ ಇದು,” ಅಂದೆ. ಕಣ್ಣಲ್ಲಿ ನೀರು ಬಂತು. ಘಾಟಿಗೆ ಬಂದದ್ದು ಎಂದು ಅವರು ತಿಳಿದುಕೊಂಡರು.

ಆಗ ನಕ್ಷೆಗಳನ್ನು ಅಮೋನಿಯದ ಹಬೆ ಕೊಟ್ಟು ನಕಲು ತೆಗೆಯುತ್ತಿದ್ದರು. ಅರೆಪಾರದರ್ಶಕವಾದ ಟ್ರೇಸಿಂಗ್ ಕಾಗದದ ಮೇಲಿನ ಗೆರೆಗಳು ನೀಲಿಯಾಗಿ ಇನ್ನೊಂದು ಹಾಳೆಗೆ ಇಳಿಯುತ್ತಿದ್ದವು. ನಮ್ಮ ಆಫೀಸು ದ್ವಾರಕಾನಗರದ ಒಂದು ಮಹಡಿಯ ಮೇಲೆ ಇತ್ತು. ಮೆಟ್ಟಿಲು ಹತ್ತುವಾಗಲೇ ಆ ವಾಸನೆ ಎದುರುಗೊಳ್ಳುತ್ತಿತ್ತು. ಮನೆಗೆ ಬಂದರೆ ಮಗಳು, “ಅಮ್ಮ, ಮೊದ್ಲು ಸೀರಿ ಬದಲಿಸು,” ಅನ್ನುತ್ತಿದ್ದಳು.

ಮೂರು ಮೇಜು, ಒಂದು ಕಂಪ್ಯೂಟರು, ನಕ್ಷೆಯನ್ನು ಹಾಳೆಗಿಳಿಸುವ ಒಂದು ಪ್ಲಾಟರು, ಇಷ್ಟೇ ಆಫೀಸು. ಎಂಜಿನಿಯರುಗಳು ಲೆಕ್ಕ ಹಾಕಿ ಕಳಿಸಿದ ಗೋದಾಮು, ಅಕ್ಕಿ ಗಿರಣಿ, ಮನೆಗಳಿಗೆ ಕಂಬಿ ಕಟ್ಟುವ ನಕ್ಷೆ ಬರೆಯುವುದು ನಮ್ಮ ಕೆಲಸ. ಯಾವ ತೊಲೆಗೆ ಎಷ್ಟು ದಪ್ಪದ ಕಂಬಿ, ಎಷ್ಟು ಉದ್ದ, ಎಲ್ಲಿ ಬಗ್ಗಿಸಬೇಕು ಎಂಬುದನ್ನು ಪಟ್ಟಿ ಮಾಡಿ ಕೊಡಬೇಕು. ಮಾಲೀಕರು ಪ್ರಸಾದ್‌ಗಾರು. ಒಳ್ಳೆಯವರೇ, ಆದರೆ ಯಾವಾಗಲೂ ಬಸ್ಸು ತಪ್ಪಿಹೋಗುತ್ತಿರುವವರ ಹಾಗೆ ಇರುತ್ತಿದ್ದರು. ಇನ್ನೊಬ್ಬರು ಅಪ್ಪಾರಾವುಗಾರು. ಅರವತ್ತಕ್ಕೆ ಒಂದೆರಡು ಕಡಿಮೆ, ಬಿಳಿ ಅಂಗಿ, ಜೇಬಿನಲ್ಲಿ ಮಸಿ ಪೆನ್ನು ಮತ್ತು ಅರ್ಧ ಮುರಿದ ಬ್ಲೇಡು. ಮೂವತ್ತು ವರ್ಷ ಕೈಯಲ್ಲೇ ನಕ್ಷೆ ಬರೆದ ಮನುಷ್ಯ.

ಮೂರನೆಯವಳು ನಾನು. ಹುಬ್ಬಳ್ಳಿಯಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, ಮದುವೆಯಾಗಿ, ಏಳು ವರ್ಷ ರೊಟ್ಟಿ ಬಡಿದು, ಯಜಮಾನರಿಗೆ ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿಕೊಂಡವಳು. ತೆಲುಗು ಅರ್ಧಂಬರ್ಧ, ಮಾತಿನ ಕೊನೆಗೆ ಮರ್ಯಾದೆಯ ‘ಅಂಡಿ’ ಸೇರಿಸುವಷ್ಟು. “ಒಂದು ತಿಂಗಳು ನೋಡೋಣ” ಎಂದು ಪ್ರಸಾದ್‌ಗಾರು ಕೆಲಸ ಕೊಟ್ಟಿದ್ದರು. ಆ ಒಂದು ತಿಂಗಳು ನಾನು ಹೇಗೆ ನಡೆದುಕೊಂಡೆ ಎಂದು ನೆನೆದರೆ ಈಗಲೂ ನಾಚಿಕೆ. ಕಂಪ್ಯೂಟರು ಇದ್ದ ಗಾಜಿನ ಕೋಣೆಗೆ ಮಾತ್ರ ಏಸಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಅಲ್ಲಿ ಕೂತು ನಾನು ಅಪ್ಪಾರಾವುಗಾರಿಗೆ ಬುದ್ಧಿ ಹೇಳುತ್ತಿದ್ದೆ, “ಕೈ ತಪ್ಪುತ್ತದೆ ಅಂಡಿ, ಕಂಪ್ಯೂಟರ್ ತಪ್ಪುವುದಿಲ್ಲ.” ಅವರು, “ಅಲಾಗಾ ಅಮ್ಮಾ?”, ಹೌದಾ, ಎಂದು ತಲೆಯಾಡಿಸುತ್ತಿದ್ದರು.

ಅದೇ ತಿಂಗಳು ಇಬ್ಬರೂ ಸೇರಿ ಒಂದು ಕೆಲಸ ಮಾಡಿದೆವು. ಕಂಬಿಯ ಆಕಾರಗಳನ್ನೆಲ್ಲ ಅವರು ಹೇಳಿದರು, ನಾನು ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಎರಡು ಅಕ್ಷರ ಒತ್ತಿ ದಪ್ಪ, ಅಳತೆ ಕೊಟ್ಟರೆ ಸಾಕು. ಕಂಬಿಯ ಚಿತ್ರ, ಎರಡೂ ತುದಿಯ ಕೊಕ್ಕೆ, ಕತ್ತರಿಸಬೇಕಾದ ಉದ್ದ ಎಲ್ಲವೂ ಸಾಲಾಗಿ ಬಂದು ಕೂರುತ್ತಿದ್ದವು. ಪ್ರಸಾದ್‌ಗಾರು ನೋಡಿ, “ಸೂಪರ್ ಅಂಡಿ ಸುಮಂಗಳಗಾರೂ!” ಅಂದರು. ನನ್ನ ಕೆಲಸ ಕಾಯಂ ಆಯಿತು.

ಇಷ್ಟೆಲ್ಲ ಆದರೂ ಆಫೀಸಿನಲ್ಲಿ ಒಂದು ಪದ್ಧತಿ ಹೋಗಲಿಲ್ಲ. ಪ್ಲಾಟರಿನಿಂದ ಬಂದ ಹಾಳೆ ನೇರವಾಗಿ ಅಮೋನಿಯಕ್ಕೆ ಹೋಗುವಂತಿರಲಿಲ್ಲ. ಮೊದಲು ಅಪ್ಪಾರಾವುಗಾರ ಓರೆ ಹಲಗೆಯ ಮೇಲೆ ಮಲಗಬೇಕು. ಅವರು ಬಗ್ಗಿ ಕೂತು ಬ್ಲೇಡಿನಿಂದ ಅಲ್ಲಲ್ಲಿ ಕೆರೆದು, ಮಸಿ ಪೆನ್ನಿನಿಂದ ಏನೋ ಬರೆದು, ಊದಿ ಒಣಗಿಸಿ ಕೊಡಬೇಕು. ಅವರ ಪೆನ್ನು ಮುಟ್ಟದೆ ಒಂದು ಹಾಳೆಯೂ ಮೆಟ್ಟಿಲಿಳಿಯುತ್ತಿರಲಿಲ್ಲ. ಕೆಲಸವಿಲ್ಲದ ಮುದುಕರು ಕೆಲಸ ಹುಡುಕಿಕೊಂಡಿದ್ದಾರೆ ಎಂದು ನಾನು ಅಂದುಕೊಂಡಿದ್ದೆ. “ಪ್ಲಾಟರಿನ ಅಂಕಿ ನಿಮಗೆ ಚೆಂದ ಕಾಣುವುದಿಲ್ಲವಾ ಅಂಡಿ?” ಎಂದು ಕಾಡಿಸುತ್ತಿದ್ದೆ. ಅವರು ನಗುತ್ತಿದ್ದರು. ಐದು ಗಂಟೆಗೆ ನಾನು ಮಗಳನ್ನು ಕರೆತರಲು ಹೊರಡುತ್ತಿದ್ದೆ, ಅವರು ಹಲಗೆಯ ಮೇಲೆ ಬಗ್ಗಿಯೇ ಇರುತ್ತಿದ್ದರು. ಎರಡು ವರ್ಷದಲ್ಲಿ ಒಂದು ದಿನವೂ ಅವರ ಬೆನ್ನ ಹಿಂದೆ ನಿಂತು ಏನು ಬರೆಯುತ್ತಾರೆ ಎಂದು ನಾನು ನೋಡಲಿಲ್ಲ.

ನಾನು ಹೇಳಹೊರಟಿರುವುದು ಅದರ ನಂತರದ ಬೇಸಿಗೆಯ ಮಾತು.

ಆ ವರ್ಷ ಏಪ್ರಿಲ್‌ನಲ್ಲೇ ಸಮುದ್ರದ ಗಾಳಿ ಅಂಟುಅಂಟಾಗಿತ್ತು. ಟ್ರೇಸಿಂಗ್ ಕಾಗದ ಮೊಣಕೈಗೆ ಅಂಟಿಕೊಂಡು ಬರುತ್ತಿತ್ತು. ಎಲ್ಲರಿಗೂ ಏನಾದರೊಂದು ನೆಪದಲ್ಲಿ ಏಸಿ ಕೋಣೆಯಲ್ಲೇ ಕೆಲಸ. ಅಂಥ ಒಂದು ಮಧ್ಯಾಹ್ನ ಪ್ರಸಾದ್‌ಗಾರು ಒಂದು ಫ್ಲಾಪಿ ತಂದು ನನ್ನ ಮುಂದಿಟ್ಟರು. ವಿಜಯವಾಡದ ಒನ್ ಟೌನಿನಲ್ಲಿ ಒಬ್ಬ ಸಗಟು ವ್ಯಾಪಾರಿ ಗೋದಾಮು ಕಟ್ಟಿಸುತ್ತಿದ್ದರು. ಅವರ ಎಂಜಿನಿಯರು ಕಳಿಸಿದ ಫ್ಲಾಪಿ. ಹಾಕಿದೆ. ನಮ್ಮ ಸಾಫ್ಟ್‌ವೇರು ಅದನ್ನು ತೆರೆಯಲೇ ಇಲ್ಲ. ಅದು ಮೂರನೆಯ ಸಲ.

“ಅವರದು ಹೊಸ ವರ್ಶನ್ ಅಂಡಿ, ನಮ್ಮದು ಹಳೇದು,” ಅಂದರು ಪ್ರಸಾದ್‌ಗಾರು. ಅವರು ತೆಲುಗಿನಲ್ಲಿ ಅಂದದ್ದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. “ಇನ್ನೂ ಮೂರು ಗೋದಾಮು ಕಟ್ಟಿಸ್ತಾರಂತೆ. ಹೊಸ ವರ್ಶನ್ ಇಲ್ಲದವರಿಗೆ ಕೊಡೋದಿಲ್ಲ ಅಂತ ಫೋನಿನಲ್ಲೇ ಹೇಳಿಬಿಟ್ಟರು. ಹೊಸದು ತೊಗೊಂಡರೆ ಕಂಪ್ಯೂಟರೂ ಹೊಸದು ಬೇಕು. ತೊಗೋಬೇಕಾ ಬೇಡವಾ, ನನಗೆ ತಿಳೀತಾ ಇಲ್ಲ. ನೀವು ಒಂದು ಸಲ ವಿಜಯವಾಡಕ್ಕೆ ಹೋಗಿ ಬನ್ನಿ. ನಮ್ಮ ನಕ್ಷೆಗಳನ್ನ ಅವರ ಮೆಷೀನಿನಲ್ಲಿ ತೆರೆದು ನೋಡಿ. ಬಂದು ಒಂದು ಪುಟ ಬರೆದುಕೊಡಿ. ನೀವು ಏನು ಬರೆದರೆ ಅದೇ.”

ನನಗೆ ಒಳಗೊಳಗೇ ಹೆಮ್ಮೆ. “ಅಪ್ಪಾರಾವುಗಾರೂ ಬರಲಾ?” ಅಂದೆ.

ಅವರು ಗಾಜಿನಾಚೆ ನೋಡಿ ದನಿ ತಗ್ಗಿಸಿದರು. “ಅವರಿಗೆ ಈಗಲೇ ಹೇಳಬೇಡಿ. ಹೊಸದು ಬಂದರೆ ಎಲ್ಲ ಬೇಗ ಬೇಗ. ಆ ಬ್ಲೇಡು, ಆ ಪೆನ್ನು, ಅರ್ಧ ಗಂಟೆ ಕಾಯೋದು ಎಲ್ಲ ಇರೋದಿಲ್ಲ. ಅವರಿಗೂ ವಯಸ್ಸಾಯಿತಲ್ಲ? ಒಂದು ಶಾಲು ಹೊದಿಸಿ, ಮರ್ಯಾದೆಯಾಗಿ ಕಳಿಸಿಕೊಡೋಣ.”

ಆ ಶಾಲಿನ ಮಾತು ಕೇಳಿ ನನ್ನ ಹೆಮ್ಮೆ ಜರ್ರನೆ ಇಳಿದುಹೋಯಿತು. ಹೊರಗೆ ಅಪ್ಪಾರಾವುಗಾರು ಊಟದ ಡಬ್ಬಿ ಬಿಚ್ಚಿ, ಆ ವರ್ಷದ ಹೊಸ ಆವಕಾಯಿ ಉಪ್ಪಿನಕಾಯಿಯ ಒಂದು ಹೋಳನ್ನು ನನಗೆಂದು ಮುಚ್ಚಳದಲ್ಲಿ ತೆಗೆದಿಡುತ್ತಿದ್ದರು. ಅವರ ಕಿರಿಮಗ ಇನ್ನೂ ಕಾಲೇಜು. ಹಿಂದೊಮ್ಮೆ ಅವರೇ ಅಂದಿದ್ದರು, “ಮನೇಲಿ ಕೂತರೆ ಒಂದು ವಾರ ಸುಖವಾಗಿರ್ತೀನಮ್ಮಾ. ಎಂಟನೇ ದಿನ ನಮ್ಮ ಮನೆಯಾಕೆ ನನ್ನ ಸಮುದ್ರಕ್ಕೆ ತಳ್ತಾಳೆ.” ಅದು ನೆನಪಾಗಿ ಆವಕಾಯಿಯನ್ನು ಮುಚ್ಚಳದಲ್ಲೇ ಬಿಟ್ಟೆ. ಎರಡು ವರ್ಷದಿಂದ ದಿನಾ ನನ್ನ ಡಬ್ಬಿಗೆ ಏನಾದರೂ ಹಾಕುತ್ತ ಬಂದ ಮನುಷ್ಯನನ್ನು ಒಂದು ಪುಟ ಬರೆದು ನಾನೇ ಮನೆಗೆ ಕಳಿಸಬೇಕು!

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ.

“ಹಂಗಾರ ಏನ್ ಬರೀಬೇಕಂತ ಮಾಡೀದಿ?”

“ಹೊಸಾದು ಬ್ಯಾಡ ಅಂತ ಬರೀತೀನ್ರೀ.”

“ನೋಡೂಕಿಂತ ಮೊದಲ? ಮತ್ತ ವಿಜಯವಾಡಕ್ಕ ಯಾಕ ಹೊಂಟಿ, ಬಿಸಲು ತಿನ್ನಾಕೇನು?”

“ಬ್ಯಾಡ ಅನ್ನಾಕ ಒಂದು ಕಾರಣ ಬೇಕಲ್ರೀ. ಅದನ್ನ ಹುಡಕಾಕ ಹೊಂಟೀನಿ.”

ಬ್ಯಾಂಕಿನವರಲ್ಲವೆ, ಅವರಿಗೆ ಇದು ಸರಿಬರಲಿಲ್ಲ. ತಲೆಯಾಡಿಸಿ ಮಜ್ಜಿಗೆ ಕಲಸಿಕೊಂಡರು.

ಬೆಳಗಿನ ರೈಲಿಗೆ ಹೊರಟು ಮಧ್ಯಾಹ್ನ ವಿಜಯವಾಡದಲ್ಲಿ ಇಳಿದೆ. ಬಿಸಿಲು ಎಂದರೆ ಬಿಸಿಲು. ಬಾಣಲೆಯ ಮುಂದೆ ಮುಖ ಒಡ್ಡಿ ನಿಂತ ಹಾಗೆ. ಯಜಮಾನರ ಬ್ಯಾಂಕಿನ ಒಬ್ಬರ ಮನೆಯಲ್ಲಿ ಉಳಿದೆ. ಅವರು ಬಾಗಲಕೋಟೆ ಕಡೆಯವರು. ಗಂಡಹೆಂಡತಿ ಬಾಯಿತುಂಬ ಕನ್ನಡ ಮಾತಾಡಿದರು. ಮಕ್ಕಳಿಬ್ಬರೂ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತೆಲುಗಿನಲ್ಲಿ ಉತ್ತರ ಕೊಟ್ಟು ಆಟಕ್ಕೆ ಓಡಿದವು. ನನ್ನ ಮಗಳೂ ಇನ್ನೆರಡು ವರ್ಷಕ್ಕೆ ಹೀಗೇ ಆಗುತ್ತಾಳಲ್ಲ ಎಂದು ನೆನೆದು ಅವತ್ತು ಕಸಿವಿಸಿಯಾಗಿತ್ತು. ಎಲ್ಲವೂ ಹೊಸದಾಗಿಬಿಡುವುದರ ಮೇಲೆ ಆಗ ನನಗೆ ಒಂಥರಾ ಕೋಪವೇ ಇತ್ತು.

ಮರುದಿನ ಬೆಳಿಗ್ಗೆ ಆ ಎಂಜಿನಿಯರ ಆಫೀಸಿಗೆ ಹೋದೆ. ಕಾರಣ ಹುಡುಕಲು ಹೋದವಳು ಬೆರಗಾಗಿ ಕೂತುಬಿಟ್ಟೆ. ನಮ್ಮ ಕಂಪ್ಯೂಟರಿನಲ್ಲಿ ಒಂದು ನಕ್ಷೆಯನ್ನು ದೊಡ್ಡದು ಮಾಡಿ ನೋಡಬೇಕಾದರೆ ಎದ್ದು ನೀರು ಕುಡಿದು ಬರಬಹುದಿತ್ತು. ಇಲ್ಲಿ ಕಣ್ಣು ಮಿಟುಕಿಸುವುದರೊಳಗೆ ಬಂತು. ಒಂದು ಪರದೆಯಲ್ಲಿ ಎರಡು ಕಿಟಕಿ, ಒಂದರಲ್ಲಿ ನಕ್ಷೆ, ಇನ್ನೊಂದರಲ್ಲಿ ಪಟ್ಟಿ. ತಪ್ಪಾದರೆ ಹಿಂದೆ, ಹಿಂದೆ, ಹಿಂದೆ ಹೋಗಬಹುದು. ಅಪ್ಪಾರಾವುಗಾರು ಹೇಳಿ ಬರೆಸಿದ ತೊಲೆಗಳು ಅಲ್ಲಿ ಗೆರೆ ಗೆರೆಯೂ ಮಿಂಚುತ್ತ ತೆರೆದುಕೊಂಡವು. ಸುಳ್ಳೇಕೆ ಹೇಳಲಿ, ಅದು ನನಗೆ ಬೇಕೇ ಬೇಕು ಅನ್ನಿಸಿತು.

ಆಮೇಲೆ ನಮ್ಮ ಕಂಬಿಯ ಎರಡು ಅಕ್ಷರ ಒತ್ತಿದೆ. ಆ ಆಜ್ಞೆ ಗೊತ್ತಿಲ್ಲ ಎಂದಿತು. ಪ್ರೋಗ್ರಾಮಿನ ಫ್ಲಾಪಿ ಹಾಕಿ ಮತ್ತೆ ಒತ್ತಿದೆ. ಏನೇನೋ ತಪ್ಪು ತೋರಿಸಿ ನಿಂತಿತು. ಎಂಜಿನಿಯರು ಬಗ್ಗಿ ನೋಡಿ, “ಇದು ನಡೆಯೋದಿಲ್ಲ ಮೇಡಂ, ಮೊದಲಿನಿಂದ ಬರೀಬೇಕು,” ಅಂದರು. ನನಗೆ ಕಾರಣ ಸಿಕ್ಕಿತ್ತು. ಎರಡು ವರ್ಷದ ಕಂಬಿ ಪ್ರೋಗ್ರಾಂ ಹಾಳಾಗುತ್ತದೆ, ಆದ್ದರಿಂದ ಬೇಡ. ಪುಟ ಮನಸ್ಸಿನಲ್ಲೇ ಬರೆದಾಯಿತು. ಆದರೂ ಆ ಪರದೆಯಿಂದ ಕಣ್ಣು ಕೀಳಲು ಮನಸ್ಸು ಬರಲಿಲ್ಲ.

ಹೊರಡುವ ಮೊದಲು ಒಂದು ಕೆಲಸ ಬಾಕಿಯಿತ್ತು. ಗೋದಾಮಿನ ಮೇಲಿನ ಅಂತಸ್ತಿನ ತೊಲೆಗಳ ಹಾಳೆಯನ್ನು ಸೈಟಿಗೆ ತಲುಪಿಸಬೇಕು. ಅವರ ಮೆಷೀನಿನಲ್ಲಿ ತೆರೆದು ನೋಡಲೆಂದು ಒಯ್ದಿದ್ದ ಅದರ ಫ್ಲಾಪಿ ನನ್ನ ಬಳಿ ಇತ್ತು. ವಿಶಾಖಪಟ್ಟಣಕ್ಕೆ ಹೋಗಿ ಮತ್ತೆ ಕೊರಿಯರಿನಲ್ಲಿ ಕಳಿಸುವ ಬದಲು ಇಲ್ಲೇ ತೆಗೆದುಕೊಡೋಣ ಎಂದು ಎಂಜಿನಿಯರೇ ಅಂದರು. ಅವರ ಪ್ಲಾಟರಿನಲ್ಲಿ ಹಾಳೆ ಬಂತು, ಅವರ ಅಮೋನಿಯದಲ್ಲಿ ನಕಲು ಬಂತು. ಅರ್ಧ ಗಂಟೆ ಕಾಯುವುದಿರಲಿಲ್ಲ. ಪ್ರಸಾದ್‌ಗಾರು ಹೇಳಿದ ಬೇಗ ಬೇಗ ಅಂದರೆ ಇದೇ ಅಂದುಕೊಂಡು ಸುರುಳಿಯನ್ನು ಬಗಲಲ್ಲಿ ಹಿಡಿದು ರಿಕ್ಷಾ ಹತ್ತಿದೆ.

ಒನ್ ಟೌನಿನ ಆ ಓಣಿಗಳಲ್ಲಿ ಇಬ್ಬರು ಎದುರಾದರೆ ಒಬ್ಬರು ಅಂಗಡಿಯೊಳಗೆ ಸರಿದು ದಾರಿ ಕೊಡಬೇಕು. ಒಣಮೆಣಸಿನಕಾಯಿ ಮೂಟೆಗಳನ್ನು ಕೈಗಾಡಿಗಳಲ್ಲಿ ತಳ್ಳಿಕೊಂಡು ಹೋಗುತ್ತಿದ್ದರು. ಏಳೆಂಟು ಸಲ ಸೀನಿ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಸೈಟು ತಲುಪಿದೆ. ಕಂಬಿ ಮೇಸ್ತ್ರಿ ಕೋಟಯ್ಯ ತಗಡಿನ ನೆರಳಲ್ಲಿ ತಾಟಿಮುಂಜೆ, ಎಳೆಯ ತಾಳೆಹಣ್ಣು, ಸುಲಿದು ತಿನ್ನುತ್ತಿದ್ದ. ನನಗೂ ಎರಡು ಕೊಟ್ಟ. ಕೈ ತೊಳೆದು ಬಂದು ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೆ ಕಲ್ಲಿಟ್ಟ. ಕಂಬಿ ಕಡಿಯುವವರು ಆಗಲೇ ದಪ್ಪ ಕಂಬಿಗಳನ್ನು ಎಳೆದು ಜೋಡಿಸುತ್ತಿದ್ದರು.

ಕೋಟಯ್ಯ ಹಾಳೆಯ ಮೇಲೆ ಬೆರಳು ಓಡಿಸಿದ. ಇನ್ನೊಮ್ಮೆ ಓಡಿಸಿದ. ಆಮೇಲೆ ನನ್ನ ಮುಖ ನೋಡಿ ಕೇಳಿದ, “ಅಪ್ಪಾರಾವುಗಾರು ಹುಷಾರಾಗಿದ್ದಾರಾ ಅಮ್ಮಾ?”

“ಇದ್ದಾರಲ್ಲ. ಯಾಕೆ?”

“ಮತ್ತೆ ಅವರ ಕೈಬರಹ ಎಲ್ಲಿ?”

“ಇದು ಕಂಪ್ಯೂಟರಿಂದ ಬಂದದ್ದು, ಅದಕ್ಕೆ ಕೈಬರಹ ಬೇಕಾಗಿಲ್ಲ,” ಅಂದೆ. ನನ್ನ ದನಿಯಲ್ಲಿ ಆ ಮೊದಲ ತಿಂಗಳ ಜಂಭವೇ ಇದ್ದಿರಬೇಕು.

ಅವನು ಕಡಿಯುವವರಿಗೆ ನಿಲ್ಲಿ ಎಂದು ಕೈ ತೋರಿಸಿ, ಶೆಡ್ಡಿನಿಂದ ಕೆಳಗಿನ ಅಂತಸ್ತಿನ ಹಳೆಯ ಹಾಳೆ ತಂದು ಪಕ್ಕದಲ್ಲಿ ಹರಡಿದ. “ನೋಡಮ್ಮಾ. ಸಣ್ಣ ಕಂಬಿಗಳ ಉದ್ದ ಮೆಷೀನು ಬರೆದ ಅಂಕಿ. ದಪ್ಪ ಕಂಬಿಗಳದ್ದೆಲ್ಲ ಅವರ ಕೈ ಅಂಕಿ. ಪ್ರತಿ ಹಾಳೇಲೂ ಹೀಗೇ. ಇವತ್ತಿನದರಲ್ಲಿ ಇಲ್ಲ. ಕೈ ಅಂಕಿ ಇಲ್ಲದೆ ನಾನು ದಪ್ಪ ಕಂಬಿ ಕಡಿಯೋದಿಲ್ಲ.”

ಮೊಣಕಾಲೂರಿ ಕೂತು ನೋಡಿದೆ. ಅಂಕಿಗಳನ್ನು ಎಷ್ಟು ನಾಜೂಕಾಗಿ ಕೆರೆದು ಬರೆದಿದ್ದರೆಂದರೆ ಹೇಳದಿದ್ದರೆ ಗೊತ್ತಾಗುತ್ತಿರಲಿಲ್ಲ. ಚೀಲದಿಂದ ಕ್ಯಾಲ್ಕುಲೇಟರ್ ತೆಗೆದೆ. ಕಂಬಿಯ ತುದಿಯ ಕೊಕ್ಕೆಗೆ ಎಷ್ಟು ಉದ್ದ ಬಿಡಬೇಕು ಎಂಬುದು ಕಂಬಿಯ ದಪ್ಪದ ಮೇಲೆ ಹೋಗುತ್ತದೆ, ದಪ್ಪ ಹೆಚ್ಚಾದರೆ ಕೊಕ್ಕೆ ಉದ್ದ. ಡಿಪ್ಲೊಮಾದ ಹುಡುಗರಿಗೂ ಗೊತ್ತಿರುವ ಲೆಕ್ಕ. ಪ್ರೋಗ್ರಾಂ ಬರೆಯುವಾಗ ನಾನು ಹನ್ನೆರಡು ಮಿಲಿಮೀಟರ್ ಕಂಬಿಯನ್ನು ಉದಾಹರಣೆಗೆ ಇಟ್ಟುಕೊಂಡು, ಅದರ ಕೊಕ್ಕೆಯ ಅಳತೆಯನ್ನೇ ಹಾಗೇ ಬಿಟ್ಟುಬಿಟ್ಟಿದ್ದೆ. ದಪ್ಪ ಬದಲಾದರೂ ಕೊಕ್ಕೆ ಬದಲಾಗುತ್ತಿರಲಿಲ್ಲ. ಇಪ್ಪತ್ತೈದು ಮಿಲಿಮೀಟರ್ ಕಂಬಿಗೆ ಎರಡೂ ಕೊಕ್ಕೆ ಸೇರಿ ಒಂದು ಗೇಣು ಕಡಿಮೆ. ಒಂದು ಗೇಣು! ಆ ತೊಲೆಗಳ ಮೇಲೆ ಮೆಣಸಿನಕಾಯಿ ಮೂಟೆಗಳು ಚಾವಣಿ ಮುಟ್ಟುವಷ್ಟು ಏರುವುದಿತ್ತು, ಅದರ ಕೆಳಗೆ ಹಮಾಲರು ಓಡಾಡುವುದಿತ್ತು.

ಮೇಲೆ ಹೇಳಿದ್ದೆನಲ್ಲ, ಕಂಪ್ಯೂಟರ್ ತಪ್ಪುವುದಿಲ್ಲ ಅಂತ. ಅದು ತಪ್ಪಿರಲಿಲ್ಲ. ನಾನು ತಪ್ಪಿದ್ದೆ.

“ನಾನೇ ತಿದ್ದಿಕೊಡ್ತೀನಿ,” ಎಂದು ಪೆನ್ನು ತೆಗೆದೆ.

ಕೋಟಯ್ಯ ಮೆತ್ತಗೆ ಹಾಳೆಯ ಮೇಲೆ ಅಂಗೈ ಇಟ್ಟ. “ತಪ್ಪು ತಿಳೀಬೇಡಿ ಅಮ್ಮಾ. ಅಪ್ಪಾರಾವುಗಾರೇ ಬರೆದು ಕಳಿಸಲಿ. ಎರಡು ದಿನ ಕಾಯ್ತೀನಿ.”

ಅವನು ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಸುರುಳಿ ಮಾಡಿಕೊಂಡು ಸ್ಟೇಷನ್ನಿಗೆ ಬಂದೆ. ರೈಲಿನ ಕಿಟಕಿಯಾಚೆ ಗೋದಾವರಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಎರಡು ವರ್ಷದಲ್ಲಿ ನಾನು ಬರೆದ ನಕ್ಷೆಗಳನ್ನೆಲ್ಲ ಎಣಿಸುತ್ತ ಕೂತಿದ್ದೆ.

ಕತ್ತಲಾದ ಮೇಲೆ ವಿಶಾಖಪಟ್ಟಣದಲ್ಲಿ ಇಳಿದರೆ ಪ್ಲಾಟ್‌ಫಾರ್ಮಿನಲ್ಲಿ ಅಪ್ಪಾರಾವುಗಾರು ನಿಂತಿದ್ದರು. ಬಿಳಿ ಅಂಗಿ ಬೆವರಿಗೆ ಮೈಗಂಟಿತ್ತು. ಒಂದೊಂದೇ ಬೋಗಿಯ ಬಾಗಿಲು ನೋಡುತ್ತ ಬರುತ್ತಿದ್ದರು. ನನ್ನನ್ನು ಕಂಡವರೇ ಕೇಳಿದ ಮೊದಲ ಮಾತು, “ಕೋಟಯ್ಯ ಕಂಬಿ ಕಡಿದನಾ?”

“ಇಲ್ಲ.”

ಅವರು ಅಲ್ಲೇ ಸಿಮೆಂಟಿನ ಬೆಂಚಿನ ಮೇಲೆ ಕೂತುಬಿಟ್ಟರು. ಬೆಳಿಗ್ಗೆ ಫ್ಲಾಪಿ ಡಬ್ಬಿಯಲ್ಲಿ ಆ ಹಾಳೆಯ ಫ್ಲಾಪಿ ಕಾಣದೆ ಪ್ರಸಾದ್‌ಗಾರನ್ನು ಕೇಳಿ, ನಾನು ಅದನ್ನು ವಿಜಯವಾಡಕ್ಕೆ ಒಯ್ದದ್ದು ತಿಳಿದುಕೊಂಡಿದ್ದರಂತೆ. ಆಮೇಲೆ ಎಸ್‌ಟಿಡಿ ಬೂತಿನಿಂದ ವಿಜಯವಾಡದ ಎಂಜಿನಿಯರಿಗೆ ಮೂರು ಸಲ ಫೋನು ಮಾಡಿ, ಸಿಗದೆ, ಮಧ್ಯಾಹ್ನದಿಂದ ಬಂದ ರೈಲನ್ನೆಲ್ಲ ನೋಡುತ್ತ ನಿಂತಿದ್ದರು.

ನನಗೆ ಅಳು ಬರುವ ಬದಲು ಸಿಟ್ಟು ಬಂತು. ನನ್ನ ಸ್ವಭಾವವೇ ಹಾಗೆ. “ಎರಡು ವರ್ಷ! ಒಂದು ಮಾತು ಹೇಳಬಾರದಿತ್ತಾ ಅಂಡಿ? ನನ್ನ ಎದುರಿಗೇ ತಿದ್ದುತ್ತಿದ್ದಿರಿ, ನಾನು ನಿಮ್ಮನ್ನ ಆಡಿಕೊಳ್ಳುತ್ತಿದ್ದೆ, ನೀವು ನಗುತ್ತಿದ್ದಿರಿ!”

“ಮೊದಲ ತಿಂಗಳಲ್ಲಿ ನೋಡಿದೆ ಅಮ್ಮಾ,” ಅಂದರು. “ಒಂದು ತಿಂಗಳು ನೋಡೋಣ ಅಂತ ಪ್ರಸಾದು ನಿಮ್ಮನ್ನ ಇಟ್ಟುಕೊಂಡಿದ್ದ. ಹೇಳಿದರೆ ಅವತ್ತೇ ಮನೆಗೆ ಕಳಿಸ್ತಿದ್ದ. ಅಷ್ಟು ಆಸೆಯಿಂದ ಬರ್ತಾ ಇದ್ದಿರಿ. ಕಾಯಂ ಆದಮೇಲೆ ಹೇಳೋಣ ಅಂದುಕೊಂಡೆ. ಆಗ ನೀವು ಎಲ್ಲರ ಹತ್ತಿರ ಪ್ರೋಗ್ರಾಂ ಪ್ರೋಗ್ರಾಂ ಅಂತ ಸಂತೋಷವಾಗಿದ್ದಿರಿ. ಇವತ್ತು ಬೇಡ, ನಾಳೆ ಅಂದುಕೊಂಡೆ. ಹಾಗೇ ದಿನ ಹೋಯಿತು. ಹೋದ ಹಾಗೆಲ್ಲ ಹೇಳೋದು ಕಷ್ಟ ಆಯಿತು. ತಪ್ಪು ನನ್ನದೂ ಇದೆ.”

ಆಗ ಹೊಳೆಯಿತು. ಎರಡು ವರ್ಷದಲ್ಲಿ ಅವರು ಒಂದೇ ಒಂದು ರಜೆ ಹಾಕಿರಲಿಲ್ಲ. ಜ್ವರ ಬಂದ ದಿನವೂ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಹೆಂಡತಿ ಕಾಶಿಗೆ ಹೋಗೋಣ ಎಂದು ಎರಡು ಸಲ ಟಿಕೆಟ್ಟು ಮಾಡಿಸಿ, ಎರಡು ಸಲವೂ ತಮ್ಮನ ಜೊತೆ ಹೋಗುವಂತಾಗಿತ್ತು. ಆಫೀಸಿಗೇ ಅಂಟಿಕೊಂಡ ಮುದುಕ ಎಂದು ನಾವೆಲ್ಲ ನಕ್ಕಿದ್ದೆವು.

ನಾನೂ ಮುಚ್ಚಿಡಲಿಲ್ಲ. ಅಪ್‌ಗ್ರೇಡಿನ ವಿಷಯ, ಶಾಲಿನ ವಿಷಯ ಎಲ್ಲ ಹೇಳಿ, “ನಾನು ಬೇಡ ಅಂತಲೇ ಬರೆಯುತ್ತೇನೆ, ನೀವು ಹೆದರಬೇಡಿ,” ಅಂದೆ.

ಅವರು ನನ್ನನ್ನು ನೋಡಿದ ನೋಟ! ಹಲಗೆಯ ಮೇಲೆ ಮಸಿ ಚೆಲ್ಲಿದವರನ್ನು ಹಾಗೆ ನೋಡುತ್ತಿದ್ದರು. “ಯಾರಿಗೋಸ್ಕರ? ನನಗೋಸ್ಕರವಾ? ನಾನು ಕೇಳಿದೆನಾ? ಹೊಸದು ಹೇಗಿತ್ತು, ಅದು ಹೇಳಿ ಮೊದಲು.”

ಚೆನ್ನಾಗಿತ್ತು ಅಂದೆ. ಹೇಳುತ್ತ ಹೇಳುತ್ತ ಕೈ ಬಾಯಿ ಎರಡೂ ಓಡತೊಡಗಿದವು. ಎರಡು ಕಿಟಕಿ, ಹಿಂದೆ ಹಿಂದೆ ಹೋಗುವುದು, ಮಿಂಚುವ ಗೆರೆ ಎಲ್ಲ ಹೇಳಿದೆ. ನಮ್ಮ ಪ್ರೋಗ್ರಾಂ ಅದರಲ್ಲಿ ನಡೆಯುವುದಿಲ್ಲ, ಮೊದಲಿನಿಂದ ಬರೆಯಬೇಕು ಎಂಬುದನ್ನೂ ಹೇಳಿದೆ.

“ಮೊದಲಿನಿಂದ ಬರೀಬೇಕಾ?” ಅವರ ಮುಖ ಅರಳಿತು. “ಮತ್ತೆ ಇನ್ನೇನಮ್ಮಾ ಬೇಕು? ಬರೆಯೋಣ. ಈ ಸಲ ಸರಿಯಾಗಿ ಬರೆಯೋಣ. ನಾನು ಕಾಶಿಗೆ ಹೋಗಬೇಡವಾ?”

ಅಂದು ರಾತ್ರಿ ನಾನು ಬರೆದದ್ದು ಒಂದು ಪುಟವೂ ಆಗಲಿಲ್ಲ. ಹೊಸ ವರ್ಶನ್ ತೆಗೆದುಕೊಳ್ಳಬೇಕು ಎಂದು ಮೊದಲ ಸಾಲು. ಹಳೆಯ ಪ್ರೋಗ್ರಾಮಿನಲ್ಲಿ ತಪ್ಪಿದೆ, ತಪ್ಪು ನನ್ನದು, ಎರಡು ವರ್ಷದಿಂದ ಅದನ್ನು ಅಪ್ಪಾರಾವುಗಾರ ಪೆನ್ನು ತಿದ್ದಿದೆ, ಅದಕ್ಕಾಗಿ ಯಾರನ್ನಾದರೂ ಮನೆಗೆ ಕಳಿಸುವುದಾದರೆ ನನ್ನನ್ನು ಕಳಿಸಬೇಕು ಎಂದು ಆಮೇಲೆ. ಯಾವ ಸಾಫ್ಟ್‌ವೇರು ಬಂದರೂ ನೋಡಿ ತಿದ್ದುವವರು ಒಬ್ಬರು ಬೇಕು, ಅವರಿಲ್ಲದೆ ಹೊಸದನ್ನೂ ತೆಗೆದುಕೊಳ್ಳಬಾರದು ಎಂದು ಕೊನೆಯ ಸಾಲು. ಯಜಮಾನರು ಓದಿ, “ಈಗ ಖರೆ ಬರದೀ ನೋಡು,” ಅಂದರು. ಹಾಗಂದರೂ ನನಗೆ ನಿದ್ದೆ ಬರಲಿಲ್ಲ. ಆ ಏಸಿ ಕೋಣೆ, ಆ ಕೀಲಿಮಣೆ, ಮೆಟ್ಟಿಲ ಮೇಲಿನ ಆ ಘಾಟು, ಇವೆಲ್ಲ ನಾಳೆಗೆ ಮುಗಿದುಹೋಗಬಹುದಲ್ಲ.

ಪ್ರಸಾದ್‌ಗಾರು ನಿಂತುಕೊಂಡೇ ಓದಲು ಶುರುಮಾಡಿದವರು ಅರ್ಧಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಮುಗಿಸಿ, ಗಾಜಿನಾಚೆ ಅಪ್ಪಾರಾವುಗಾರ ಬೆನ್ನನ್ನು ತುಂಬ ಹೊತ್ತು ನೋಡಿದರು.

“ತಪ್ಪಿದ ಒಂದು ಹಾಳೆಯಾದರೂ ಹೊರಗೆ ಹೋಗಿದೆಯಾ?”

“ಒಂದೂ ಇಲ್ಲ. ನಾನು ಒಯ್ದದ್ದನ್ನೂ ವಾಪಸ್ ತಂದೆ, ಉಳಿದದ್ದನ್ನು ಅವರು ಹೋಗಲು ಬಿಟ್ಟಿಲ್ಲ,” ಅಂದೆ.

“ನೀವಿಬ್ಬರೂ ಸೇರಿ ನನಗೆ ಗೊತ್ತಿಲ್ಲದ ಹಾಗೆ ನನ್ನ ಆಫೀಸು ನಡೆಸಿದ್ದೀರಿ,” ಅಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ. ಆಮೇಲೆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, “ನಾನು ಅವರಿಗೆ ಶಾಲು ಹೊದಿಸಬೇಕು ಅಂತಿದ್ದೆನಲ್ಲ ಅಂಡಿ, ಥೂ,” ಎಂದು ಎದ್ದುಹೋದರು. ಅವತ್ತೇ ಹೊಸ ವರ್ಶನ್ನಿಗೆ ಆರ್ಡರು ಹೋಯಿತು. ಕೋಟಯ್ಯನ ಹಾಳೆ ಅಪ್ಪಾರಾವುಗಾರ ಕೈ ಅಂಕಿಗಳೊಂದಿಗೆ ಸಂಜೆಯ ಕೊರಿಯರಿಗೆ ಹೋಯಿತು.

ಮೇ ತಿಂಗಳಿಡೀ ಇಬ್ಬರೂ ಏಸಿ ಕೋಣೆಯಲ್ಲಿ ಕೂತು ಕಂಬಿಗಳನ್ನು ಮೊದಲಿನಿಂದ ಬರೆದೆವು. ಈ ಸಲ ಅವರು ಸುಮ್ಮನೆ ತಲೆಯಾಡಿಸಲಿಲ್ಲ. ಒಂದೊಂದು ಆಕಾರವನ್ನೂ ಎಲ್ಲ ದಪ್ಪಕ್ಕೂ ಹಾಕಿಸಿ, ತಾವು ಕಾಗದದ ಮೇಲೆ ಲೆಕ್ಕ ಮಾಡಿ, ಎರಡೂ ಕೂಡಿದರೆ ಮಾತ್ರ ಮುಂದಿನದು. ಕೂಡದಿದ್ದರೆ, “ಏಮ್ಮಾ, ಕಂಪ್ಯೂಟರ್ ತಪ್ಪೋದಿಲ್ಲ ಅಲ್ಲವಾ?” ಎಂದು ಕಾಡಿಸುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ತಿದ್ದುತ್ತಿದ್ದೆ. ಕರೆಂಟು ಹೋಗಿ ಯುಪಿಎಸ್ ಕೂಗಿದಾಗ ಇಬ್ಬರೂ ಹೊರಗೆ ಬಂದು, ಸಮುದ್ರದ ಕಡೆಯ ಕಿಟಕಿಗೆ ಮುಖವಿಟ್ಟು ನಿಲ್ಲುತ್ತಿದ್ದೆವು. ಅಷ್ಟು ಖುಷಿಯಾಗಿ ನಾನು ಮತ್ತೆಲ್ಲೂ ಕೆಲಸ ಮಾಡಲಿಲ್ಲ.

ಜೂನಿನಲ್ಲಿ ಮೊದಲ ಮಳೆ ಬಂದ ದಿನ ಹೊಸ ವರ್ಶನ್ನಿನ ಮೊದಲ ಹಾಳೆ ಪ್ಲಾಟರಿನಿಂದ ಹೊರಬಂತು. ಒನ್ ಟೌನಿನ ವ್ಯಾಪಾರಿಯ ಎರಡನೆಯ ಗೋದಾಮು. ತೊಲೆಗಳೆಲ್ಲ ದಪ್ಪ ಕಂಬಿಯವು. ಪದ್ಧತಿಯ ಪ್ರಕಾರ ಅದನ್ನು ಓರೆ ಹಲಗೆಯ ಮೇಲೆ ಇಟ್ಟು, ಈ ಸಲ ಅವರ ಬೆನ್ನ ಹಿಂದೆಯೇ ನಿಂತೆ. ಅವರು ಕನ್ನಡಕ ಒರೆಸಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದರು. ಜೇಬಿನಿಂದ ಬ್ಲೇಡು ತೆಗೆದರು, ಪಕ್ಕಕ್ಕಿಟ್ಟರು. ಪೆನ್ನಿನ ಮುಚ್ಚಳ ಬಿಚ್ಚಿ, ಕೊನೆಯ ಸಾಲಿನ ಮೇಲೆ ಹಿಡಿದು ಒಂದು ಗಳಿಗೆ ಹಾಗೇ ಇದ್ದರು. ಮತ್ತೆ ಮುಚ್ಚಿದರು.

“ಏನೂ ಇಲ್ಲಮ್ಮಾ. ತೊಗೊಂಡು ಹೋಗಿ.”

“ಕೋಟಯ್ಯ ಕೈ ಅಂಕಿ ಇಲ್ಲದೆ ಕಡಿಯೋದಿಲ್ಲ ಅಂಡಿ,” ಅಂದೆ.

ಅವರು ಕುರ್ಚಿ ಬಿಟ್ಟು ಎದ್ದು, ಪೆನ್ನನ್ನು ನನ್ನ ಕೈಗೆ ಕೊಟ್ಟರು. ಹಾಳೆಯ ಮೂಲೆಯಲ್ಲಿ ಬರೆದವರು, ನೋಡಿದವರು ಎಂದು ಸಹಿಗೆ ಎರಡು ಚೌಕ ಮನೆಗಳಿರುತ್ತಿದ್ದವು. ನೋಡಿದವರ ಮನೆ ಅಷ್ಟು ವರ್ಷವೂ ಖಾಲಿಯಿತ್ತು. ಅದರ ಮೇಲೆ ಬೆರಳಿಟ್ಟು, “ಇಬ್ಬರೂ ನೋಡಿದ್ದೀವಿ. ನನ್ನದು ಆಮೇಲೆ. ಮೊದಲು ನಿಮ್ಮದು ಹಾಕಿ,” ಅಂದರು. “ಅವನಿಗೆ ನಿಮ್ಮ ಕೈಯೂ ಅಭ್ಯಾಸ ಆಗಲಿ. ನಾನು ಹದಿನೈದು ದಿನ ಊರಲ್ಲಿ ಇರೋದಿಲ್ಲ.”

ಹೊರಗೆ ಮಳೆ ಜೋರಾಗಿತ್ತು. ಅವರ ಕುರ್ಚಿಯಲ್ಲಿ ಕೂತು ನನ್ನ ಹೆಸರಿನ ಮೊದಲ ಅಕ್ಷರ ಬರೆದೆ. ಸ್ವಲ್ಪ ಸೊಟ್ಟಗಾಯಿತು. ಬ್ಲೇಡು ಎತ್ತಿಕೊಂಡೆ. “ಅದನ್ನ ಕೆರೀಬೇಡಿ ಅಮ್ಮಾ,” ಅಂದರು ಅಪ್ಪಾರಾವುಗಾರು, ಮತ್ತು ಬಗ್ಗಿ ಮಸಿ ಆರುವವರೆಗೆ ಊದಿದರು.